ಶಿಕ್ಷೆ ಗೊತ್ತುಮಾಡುವ ದಿನ ಅವಳ ಕಡತವೂ ಬರಲಿ

ಕಂಪ್ಲಿ ಸಮೀಪದ ಹಳ್ಳಿಯೊಂದರಲ್ಲಿ 2017ರ ಫೆಬ್ರುವರಿಯಲ್ಲಿ ಒಬ್ಬಾತ ಹೆಂಡತಿ, ನಾದಿನಿ ಮತ್ತು ಮೂವರು ಮಕ್ಕಳನ್ನು ಕೊಚ್ಚಿ ಕೊಂದ. ಹೆಂಡತಿಯ ನಡತೆ ಮೇಲೆ ಅವನಿಗೆ ಅನುಮಾನವಿತ್ತು. ವಿಚಾರಣಾ ನ್ಯಾಯಾಲಯ 2019ರಲ್ಲಿ ಗಲ್ಲು ವಿಧಿಸಿತು, ಹೈಕೋರ್ಟ್‌ನ ಧಾರವಾಡ ಪೀಠ 2023ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಸಿರಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿಗೆ ಇಳಿಸಿತು. ಕೃತ್ಯದ ಕ್ರೌರ್ಯದ ಬಗ್ಗೆ ಯಾವ ಪೀಠಕ್ಕೂ ಸಂದೇಹವಿರಲಿಲ್ಲ. ಕೊನೆಯ ಹಂತದಲ್ಲಿ ತೂಕ ಪಡೆದದ್ದು ಅಪರಾಧಿಯ ಹಿನ್ನೆಲೆ, ಮನಃಸ್ಥಿತಿ, ಜೈಲಿನ ನಡವಳಿಕೆ.

ಅದು ಸರಿಯೇ. ಬಚ್ಚನ್ ಸಿಂಗ್ ತೀರ್ಪು (1980) ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಿ ಎಂದಿತು. ಮನೋಜ್ ಪ್ರಕರಣದ ತೀರ್ಪು (2022) ಗಲ್ಲಿನ ಪ್ರಕರಣಗಳಲ್ಲಿ ಅದಕ್ಕೆ ವರದಿಗಳನ್ನು ತರಿಸಿಕೊಳ್ಳಬೇಕೆಂದಿತು. ನನ್ನ ತಕರಾರು ಬೇರೆ. ಇಷ್ಟು ಶ್ರದ್ಧೆ ಐದು ಹೆಣ ಬಿದ್ದ ಮೇಲಷ್ಟೇ ಯಾಕೆ?

ಗುಂಜಹಳ್ಳಿ, ಮಾನ್ವಿ, ದೇವದುರ್ಗದ ಕಡೆಯಿಂದ ಗಂಡನ ಕೊಡಲಿ ಏಟು ತಿಂದ ಹೆಣ್ಣುಮಗಳೊಬ್ಬಳು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಬಂದಳು ಎನ್ನಿ. ಶಿಕ್ಷೆಯ ಅರ್ಧ ಲೆಕ್ಕ ಅಲ್ಲಿನ ಗಾಯದ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ. ಮೂಳೆ ಮುರಿದರೆ, ಹಲ್ಲು ಉದುರಿದರೆ ಅಥವಾ 15 ದಿನ ತೀವ್ರವಾಗಿ ನರಳಿದರೆ (ಹಳೆಯ ಐಪಿಸಿಯಲ್ಲಿ 20 ದಿನ) ಅದು ತೀವ್ರ ಗಾಯ. ಇಂಥದ್ದೇನೂ ಇಲ್ಲದಿದ್ದರೆ ಸಾದಾ ಗಾಯ. ಅಪಾಯಕಾರಿ ಆಯುಧದಿಂದಾದ ಸಾದಾ ಗಾಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 118ನೇ ಸೆಕ್ಷನ್‌ನಲ್ಲಿ ಗರಿಷ್ಠ 3 ವರ್ಷ. ತೀವ್ರ ಗಾಯಕ್ಕೆ ಕನಿಷ್ಠ 1 ವರ್ಷ, ಗರಿಷ್ಠ ಜೀವಾವಧಿ. ಒಂದು ವರ್ಷಕ್ಕೂ ಜೀವಾವಧಿಗೂ ನಡುವೆ ಎಲ್ಲಿ ನಿಲ್ಲಬೇಕೆಂದು ಹೇಳುವ ಲಿಖಿತ ಮಾರ್ಗಸೂಚಿ ನಮ್ಮಲ್ಲಿಲ್ಲ.

ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಪ್ರತ್ಯೇಕ ವಾದ ಕೇಳಬೇಕು. ಅಲ್ಲಿ ಆರೋಪಿ ಪರ ವಕೀಲರ ಮಾತು ಊಹಿಸುವುದು ಕಷ್ಟವಲ್ಲ: ದುಡಿಯುವವನು ಇವನೊಬ್ಬನೇ, ತಾಯಿಗೆ ವಯಸ್ಸಾಗಿದೆ, ಕುಡಿದ ಅಮಲಿನಲ್ಲಿ ಆದದ್ದು. ಬಾಲಕಿಯ ಮೇಲಿನ ಅತ್ಯಾಚಾರದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಅಪರಾಧಿ ಅನಕ್ಷರಸ್ಥ, ದುರ್ಬಲ ವರ್ಗದವ, ಕುಡುಕ ಎಂಬ ಕಾರಣ ಕೊಟ್ಟು 10 ವರ್ಷದ ಶಿಕ್ಷೆಯನ್ನು 4ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನು ಮತ್ತೆ 10ಕ್ಕೆ ಏರಿಸಿತು. ಅದು ದಾಂಪತ್ಯದೊಳಗಿನ ಹಿಂಸೆಯ ಪ್ರಕರಣವಲ್ಲ. ಆದರೂ ಕುಡಿತ ರಿಯಾಯಿತಿಗೆ ಕಾರಣವಾಗಬಾರದೆಂಬ ಪಾಠ ಗಂಡನ ಹಲ್ಲೆಯ ಪ್ರಕರಣಗಳಿಗೇ ಹೆಚ್ಚು ಸಲ್ಲುತ್ತದೆ.

ಇನ್ನು ಅವಳ ಕಡೆ. ಕೊಡಲಿ ಎದ್ದ ದಿನ ಮೊದಲ ದಿನವೇನಲ್ಲ. ಅದಕ್ಕೂ ಮುಂಚೆ ತವರಿಗೆ ಓಡಿದ್ದು, ಹಿರಿಯರು ಕೂತು ರಾಜಿ ಮಾಡಿಸಿ ವಾಪಸ್ ಕಳಿಸಿದ್ದು ಇರುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ (ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ) ಇದನ್ನೆಲ್ಲ ಕೌಟುಂಬಿಕ ಘಟನಾ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ಆದರೆ ಮಾನ್ವಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿರುವ ಆ ವರದಿಯನ್ನು ರಾಯಚೂರಿನ ಸೆಷನ್ಸ್ ನ್ಯಾಯಾಧೀಶರು ಶಿಕ್ಷೆ ಹೇಳುವ ಮುನ್ನ ನೋಡಲೇಬೇಕೆಂಬ ನಿಯಮವಿಲ್ಲ. ಹಾಗಾಗಿ ಹತ್ತು ವರ್ಷದ ಹೊಡೆತ ಒಂದು ಸಂಜೆಯ ಜಗಳವಾಗಿಬಿಡುತ್ತದೆ.

ಸಾಬೀತಾಗದ ಆರೋಪಕ್ಕೂ ಶಿಕ್ಷೆಯೇ ಎಂದು ವಕೀಲರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವರದಿಯನ್ನು ಅಲ್ಲಗಳೆಯುವ ಅವಕಾಶ ಅವರಿಗೂ ಇರಲಿ. ಶಿಕ್ಷೆಯ ವಿಚಾರಣೆಯಲ್ಲಿ ಎರಡೂ ಕಡೆಯವರು ಪುರಾವೆ ಒದಗಿಸಬಹುದೆಂದು ಸಂತಾ ಸಿಂಗ್ ತೀರ್ಪು 1976ರಲ್ಲೇ ಹೇಳಿದೆ. ಇಂಗ್ಲೆಂಡಿನಲ್ಲಿ 2018ರಿಂದ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರಕಾರ, ಮನೆಯೊಳಗಿನ ಹಿಂಸೆ ನಂಬಿಕೆಯ ದ್ರೋಹವಾದ್ದರಿಂದ ಇನ್ನಷ್ಟು ಗಂಭೀರ. ಸಂತ್ರಸ್ತೆಯ ಕೋರಿಕೆ ನೋಡಿ ಶಿಕ್ಷೆ ಅಳೆಯಬಾರದೆಂದೂ ಅದು ಹೇಳುತ್ತದೆ. ರಾಜಿ ಪಂಚಾಯಿತಿಯ ಒತ್ತಡದಲ್ಲಿ ‘ಬಿಟ್ಟುಬಿಡ್ರಿ ಸಾಹೇಬ್ರ’ ಎನ್ನಬೇಕಾಗುವ ನಮ್ಮ ಹೆಂಗಸರಿಗೆ ಈ ಎರಡನೆಯ ಮಾತೇ ಹೆಚ್ಚು ಅಗತ್ಯ.

ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು 2003ರಲ್ಲೇ ಶಿಫಾರಸು ಮಾಡಿತ್ತು. (ಅದೇ ಸಮಿತಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಸಂಬಂಧಿಸಿದ ಐಪಿಸಿ 498ಎ ಅನ್ನು ರಾಜಿಯಾಗಬಲ್ಲ ಅಪರಾಧವಾಗಿಸಿ ಎಂದೂ ಹೇಳಿತ್ತು, ಅದನ್ನು ಒಪ್ಪಲಾರೆ.) ಶಿಕ್ಷೆಯ ಮಾರ್ಗಸೂಚಿಯ ವಿಷಯ ಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ಕೇಂದ್ರಕ್ಕೆ ಹೇಳಿತು. ರಾಯಚೂರಿನ ಸೆಷನ್ಸ್ ನ್ಯಾಯಾಲಯ ಆ ಮಾರ್ಗಸೂಚಿ ಬರುವತನಕ ಕಾಯಬೇಕಿಲ್ಲ. ಗಂಡನ ಹಲ್ಲೆಯ ಪ್ರತಿ ಪ್ರಕರಣದಲ್ಲೂ ಶಿಕ್ಷೆಯ ವಾದಕ್ಕೆ ಮೊದಲು ಘಟನಾ ವರದಿಯನ್ನು ತರಿಸಿಕೊಳ್ಳಬೇಕೆಂದು ಹೈಕೋರ್ಟ್ ಒಂದು ಸುತ್ತೋಲೆ ಹೊರಡಿಸಲಿ.