ಬಾಲ್ಕನಿ ನಿಮ್ಮದು, ಹೊಗೆ ಯಾರ ಪಾಲಿಗೆ?

"ದುಡ್ಡು ಕೊಟ್ಟಿದ್ದೇನೆ, ನನ್ನ ಬಾಲ್ಕನಿಯಲ್ಲಿ ನಾನು ಸಿಗರೇಟು ಸೇದಿದರೆ ನಿಮಗೇನು?" ಪ್ರವಾಸಿ ಹಡಗುಗಳಲ್ಲಿ ಧೂಮಪಾನಕ್ಕೆ ಕಡಿವಾಣ ಹಾಕಿದಾಗಲೆಲ್ಲ ಏಳುವ ವಾದ ಇದು. ಆದರೆ ಅಲ್ಲಿ ಎರಡು ಬಾಲ್ಕನಿಗಳ ನಡುವೆ ಇರುವುದು ತೆಳು ಅಡ್ಡಗೋಡೆ. ಸಮುದ್ರದ ಗಾಳಿಗೆ ಅದು ಯಾವ ಲೆಕ್ಕ? ಪಕ್ಕದಲ್ಲಿರುವ ಅಸ್ತಮಾದ ಅಜ್ಜಿ ದುಡ್ಡು ಕೊಟ್ಟಿಲ್ಲವೇ?

ಹೊಗೆಗಿಂತ ಕಿಡಿ ಇನ್ನೂ ಅಪಾಯ. 2006ರ ಮಾರ್ಚ್ 23ರಂದು ಜಮೈಕಾದತ್ತ ಹೊರಟಿದ್ದ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹೊತ್ತಿತು. ಪ್ಲಾಸ್ಟಿಕ್ ಕುರ್ಚಿ, ಪ್ಲಾಸ್ಟಿಕ್ ಅಡ್ಡಗೋಡೆ ಹಿಡಿದು ಮೇಲಿನ ಮಹಡಿಗಳಿಗೂ ಹಬ್ಬಿತು. ಹೊಗೆಗೆ ಸಿಕ್ಕಿ ಪ್ರಯಾಣಿಕರೊಬ್ಬರು ಸತ್ತರು. ಯಾರೋ ಎಸೆದ ಸಿಗರೇಟು ತುಂಡೇ ಕಾರಣವಿರಬೇಕು ಎಂದಿತು ಬ್ರಿಟನ್ನಿನ ತನಿಖೆ. ಆ ಕಂಪನಿ ಬಾಲ್ಕನಿಯಲ್ಲಿ ಸೇದುವುದನ್ನು ನಿಷೇಧಿಸಿದ್ದು ಮಾತ್ರ 2012ರಲ್ಲಿ. ಒಂದು ಜೀವ ಹೋದ ಮೇಲೂ ಸುಮಾರು ಆರು ವರ್ಷ ಬೇಕಾಯಿತು!

ಇಷ್ಟಾದರೂ ಹಲವು ಹಡಗುಗಳ ಕ್ಯಾಸಿನೊ ಒಳಗೆ ಇವತ್ತಿಗೂ ಸೇದಬಹುದು. ಹೊಗೆ ಸಹಿಸದ ಪ್ರಯಾಣಿಕ ಎದ್ದು ಹೋಗುತ್ತಾನೆ. ಇಸ್ಪೀಟು ಎಲೆ ಹಂಚುವ ನೌಕರ ಎಲ್ಲಿಗೆ ಹೋಗಬೇಕು? ಪಾಳಿ ಮುಗಿಯುವವರೆಗೆ ಅದನ್ನೇ ಉಸಿರಾಡಬೇಕು. ಹಡಗಿನ ಕೆಲಸಕ್ಕೆ ನಮ್ಮ ಕರಾವಳಿಯ ಹುಡುಗರೂ ಹೋಗುತ್ತಾರೆ, ನೆನಪಿರಲಿ.

ಸೇದುವವರಿಗೆ ತೆರೆದ ಡೆಕ್ಕಿನ ಒಂದು ಮೂಲೆ ಕೊಡಲಿ, ಸಾಕು. ಬಾಲ್ಕನಿಗೆ ಬಂದ ನಿಯಮ ಕ್ಯಾಸಿನೊಗೂ ಬರಲಿ. ಅದಕ್ಕೆ ಇನ್ನೊಂದು ಹೆಣ ಬೀಳುವುದು ಬೇಡ.