ಎತ್ತರದ ಹೆಮ್ಮೆ ಸಾಕು, ಬೆಟ್ಟದ ಲೆಕ್ಕ ಕೊಡಿ

ಮುಳ್ಳಯ್ಯನಗಿರಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು ಎರಡೇ. ಒಂದು, ಅದು ಕರ್ನಾಟಕದ ಅತಿ ಎತ್ತರದ ಶಿಖರ. ಇನ್ನೊಂದು, ಶನಿವಾರ-ಭಾನುವಾರದ ಟ್ರಾಫಿಕ್ ಜಾಮ್. ಮೊದಲನೆಯದನ್ನು ಶಾಲೆಯಲ್ಲಿ ಉರು ಹೊಡೆಸಿದ್ರು, ಎರಡನೆಯದನ್ನು ನಾವೇ ಎಲ್ಲ ಸೇರಿ ಮಾಡಿಕೊಂಡ್ವಿ. ಆ ಬೆಟ್ಟ ಯಾವುದರಿಂದ ಆಗಿದೆ, ಅದರ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಮೊಬೈಲ್ ತೆಗೆದು ಫೋಟೋ ತೋರಿಸ್ತಾರೆ.

ನನ್ನ ತಕರಾರು ಶುರುವಾಗೋದೇ ಈ ಎತ್ತರದ ಹೆಮ್ಮೆಯಿಂದ. 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಇಲ್ಲ, ‘ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಇದಕ್ಕಿಂತ ಎತ್ತರದ ಶಿಖರ ಇಲ್ಲ’ ಅಂತ ಒಂದು ಬಾಲಂಗೋಚಿ ಬೇರೆ. ಪಕ್ಕದ ವಯನಾಡಿನ ಚೆಂಬ್ರ ಶಿಖರ 2,100 ಮೀಟರ್ ಇದೆ. ಅದನ್ನು ನೀಲಗಿರಿಯ ಲೆಕ್ಕಕ್ಕೆ ಸೇರಿಸಿ ಪಕ್ಕಕ್ಕಿಟ್ಟರೆ ಮಾತ್ರ ನಮ್ಮ ಬಾಲಂಗೋಚಿ ನಿಲ್ಲುತ್ತೆ. ಇಂಥ ಪಟ್ಟ ನಮಗ್ಯಾಕೆ ಬೇಕು ಹೇಳಿ? ಎತ್ತರದ ಸಂತೆಯಲ್ಲಿ ಹಿಮಾಲಯದ ಎದುರು ನಾವು ಯಾವತ್ತಿದ್ರೂ ಬಡವರೇ.

ಆದರೆ ವಯಸ್ಸಿನ ಲೆಕ್ಕಕ್ಕೆ ಬನ್ನಿ. ಹಿಮಾಲಯ ಮೇಲೇಳೋಕೆ ಶುರುವಾಗಿ ಸುಮಾರು 5 ಕೋಟಿ ವರ್ಷ. ಮುಳ್ಳಯ್ಯನಗಿರಿಯ ಕಲ್ಲು 250 ಕೋಟಿ ವರ್ಷಕ್ಕೂ ಹಿಂದಿನದು. ಬೆಟ್ಟ ಈಗಿನ ಆಕಾರಕ್ಕೆ ಬಂದಿದ್ದು ಎಷ್ಟೋ ಕಾಲ ಆದಮೇಲೆ, ನಾನು ಹೇಳ್ತಿರೋದು ಕಲ್ಲಿನ ವಯಸ್ಸು. ಭೂಮಿಯ ಮೇಲೆ ಮರ ಇರಲಿಲ್ಲ, ಹುಲ್ಲು ಇರಲಿಲ್ಲ, ಮೀನು ಕೂಡ ಇರಲಿಲ್ಲ. ಆಗಿನ ಕಲ್ಲು ಇದು.

ಚಂದ್ರದ್ರೋಣ ಅನ್ನೋ ಈ ಗಿರಿಸಾಲು ಕುದುರೆ ಲಾಳದ ಆಕಾರದಲ್ಲಿ ಬಾಗಿ ನಿಂತಿದೆ. ಭೂವಿಜ್ಞಾನಿಗಳು ಇಲ್ಲಿನ ಶಿಲೆಗಳನ್ನು ಬಾಬಾಬುಡನ್ ಗುಂಪು ಅಂತಾರೆ, ಧಾರವಾಡ ಶಿಲಾಸಮೂಹದ ಒಂದು ಭಾಗ. ತಳದಲ್ಲಿ ಅದಕ್ಕಿಂತ ಹಳೆಯ ನೈಸ್ ಶಿಲೆ. ಅದರ ಮೇಲೆ ಉರುಟು ಕಲ್ಲು, ಮರಳು ಗಟ್ಟಿಯಾದ ಪದರ. ಅದರ ಮೇಲೆ ಲಾವಾ ಹರಿದು ಆರಿದ ಪದರಗಳು. ತೀರಾ ಮೇಲೆ ಕಬ್ಬಿಣ ಮತ್ತು ಸಿಲಿಕಾ ಒಂದರ ಮೇಲೊಂದು ಪಟ್ಟೆ ಪಟ್ಟೆಯಾಗಿ ಕೂತ ಕಲ್ಲು. ಈ ಪಟ್ಟೆಗಳು ಹುಟ್ಟಿದ್ದು ನೀರಿನಡಿಯಲ್ಲಿ. ಹಳೆಯ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಪದರಗಟ್ಟಿತು. ಅಂದರೆ ನಾವು ನಿಂತು ಸೆಲ್ಫಿ ತೆಗೆಯೋ ನಾಡಿನ ಅತಿ ಎತ್ತರದ ಜಾಗ ಒಂದು ಕಾಲಕ್ಕೆ ಸಮುದ್ರದ ತಳ! ಸುತ್ತಲಿನ ಮೆತ್ತನೆ ಕಲ್ಲು ಕೋಟ್ಯಂತರ ವರ್ಷಗಳ ಮಳೆಗೆ ಸವೆದುಹೋಯ್ತು, ಈ ಕಬ್ಬಿಣದ ಟೋಪಿ ಹಾಕಿಕೊಂಡ ಭಾಗ ಸವೆಯದೆ ಉಳಿಯಿತು. ಶಿಖರ ಅನ್ನೋದು ಇಷ್ಟೇ. ಇದೇ ಸಾಲಿನ ಕೆಮ್ಮಣ್ಣುಗುಂಡಿಯ ಹೆಸರೇ ಅದಿರಿನ ಕಥೆ ಹೇಳುತ್ತೆ, ಅಲ್ಲಿನ ಅದಿರಿನಿಂದಲೇ ಭದ್ರಾವತಿಯ ಕಾರ್ಖಾನೆಯ ಕುಲುಮೆ ಉರಿದದ್ದು.

ಇಷ್ಟು ಗಟ್ಟಿ ಬೆಟ್ಟಕ್ಕೆ ನಾಲ್ಕು ಕಾರು ಹೋದರೆ ಏನಾಗುತ್ತೆ ಅಂತ ಕೇಳ್ತೀರಿ. ಕೇಳಬೇಕಾದ ಪ್ರಶ್ನೆಯೇ. ಗಟ್ಟಿ ಇರೋದು ಕಲ್ಲು ಸ್ವಾಮಿ, ಅದರ ಮೇಲಿನ ಹೊದಿಕೆಯಲ್ಲ. ಇಳಿಜಾರಿನಲ್ಲಿ ಮಳೆಗೆ ಕೊಳೆತು ಮೆತ್ತಗಾದ ಕಲ್ಲು, ಅದರ ಮೇಲೆ ತೆಳು ಮಣ್ಣು, ಮಣ್ಣನ್ನು ಹಿಡಿದಿರೋದು ಹುಲ್ಲಿನ ಬೇರು. ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಹುಲ್ಲು ಮಳೆಯ ಹೊಡೆತವನ್ನು ತಾನು ತಿಂದು ನೀರನ್ನು ನಿಧಾನಕ್ಕೆ ಕೆಳಗೆ ಬಿಡುತ್ತೆ, ಶೋಲಾ ಅದನ್ನು ಹಿಡಿದಿಟ್ಟು ಬೇಸಿಗೆಗೂ ಉಳಿಸುತ್ತೆ. ರಸ್ತೆ ಅಗಲ ಮಾಡ್ತೀವಿ ಅಂತ ಜೆಸಿಬಿ ತಂದು ಇಳಿಜಾರಿನ ಬುಡವನ್ನು ಗೋಡೆ ಥರ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಎಲ್ಲಿ? ಮಳೆ ನೀರು ತುಂಬಿ ಭಾರ ಜಾಸ್ತಿಯಾದಾಗ ಅದು ಜಾರುತ್ತೆ. ಆಮೇಲೆ ‘ಪ್ರಕೃತಿ ಮುನಿಸಿಕೊಂಡಿತು’ ಅಂತ ಹೆಡ್ಡಿಂಗ್ ಕೊಡ್ತೀವಿ. ಬುಡ ಕಡಿದದ್ದು ನಾವು, ಮುನಿಸು ಮಾತ್ರ ಪ್ರಕೃತಿದಾ?

ಈಗ ನೀರಿನ ಲೆಕ್ಕ. ಈ ಗಿರಿಸಾಲು ಎರಡು ದೊಡ್ಡ ನದಿಗಳ ನಡುವಿನ ಗಡಿ. ಇಲ್ಲಿ ಹುಟ್ಟೋ ಯಗಚಿ ಬೇಲೂರಿನ ಕಡೆ ಹರಿದು ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತೆ. ಪಶ್ಚಿಮದ ಹಳ್ಳಗಳು ಭದ್ರೆಗೆ. ಪೂರ್ವಕ್ಕೆ ಇಳಿಯೋ ವೇದಾ, ಆವತಿ ಎರಡೂ ಸೇರಿ ವೇದಾವತಿಯಾಗುತ್ತೆ. ಸಖರಾಯಪಟ್ಟಣದ ಅಯ್ಯನಕೆರೆ ತುಂಬೋದು ಈ ಬೆಟ್ಟದ ನೀರಿನಿಂದ. ಅಲ್ಲಿಂದ ಮುಂದೆ ವೇದಾವತಿ ಬಯಲುಸೀಮೆಗಿಳಿದು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೆ ಬರುತ್ತೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅದೂ ಭದ್ರೆಯ ನೀರು ಸೇರಿದ ಮೇಲೆ. 89 ವರ್ಷ ಕಾದ ಜನ ಅವರು. ಚಿತ್ರದುರ್ಗದ ಬರದ ನೆಲದಲ್ಲಿ ಅಡಿಕೆ, ತೆಂಗು ಉಳಿಸಿಕೊಳ್ಳೋಕೆ ಒದ್ದಾಡೋ ರೈತನಿಗೂ ಈ ತುದಿಯ ಹುಲ್ಲಿಗೂ ಸಂಬಂಧ ಇದೆ. ಈ ಬೆಟ್ಟಸಾಲಿನ ಪೀಠ ಯಾರದ್ದು ಅಂತ ದಶಕಗಳಿಂದ ಕೋರ್ಟು ಕಚೇರಿ ಅಲೆದಾಯ್ತು. ನೀರು ಯಾರದ್ದು ಅಂತ ಒಬ್ಬನೂ ಕೇಳಲಿಲ್ಲ.

2022ರಲ್ಲಿ ಇದೇ ಬೆಟ್ಟಗಳಲ್ಲಿ ಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳೋ ಹೂವು ಅಂತ ನೋಡೋಕೆ ಬಂದವರ ಸಾಲು ಎಷ್ಟಿತ್ತೆಂದರೆ, ಗಿಡದ ನಡುವೆ ನುಗ್ಗಿ ಫೋಟೋ, ಕಿತ್ತು ತಲೆಗೆ ಮುಡಿದು ಫೋಟೋ. ಹೂವು ಬೀಜವಾಗದೆ ಇದ್ದರೆ ಮುಂದಿನ ಹನ್ನೆರಡನೇ ವರ್ಷಕ್ಕೆ ಅರಳೋದು ಏನು, ನಮ್ಮ ಪ್ಲಾಸ್ಟಿಕ್ಕಾ?

ಈ ಮಾತು ಆಡಿದಾಗಲೆಲ್ಲ ಎರಡು ಉತ್ತರ ಸಿದ್ಧವಾಗಿರುತ್ತೆ. ಮೊದಲನೆಯದು, ‘ಸ್ಥಳೀಯರ ಹೊಟ್ಟೆಪಾಡು’. ಒಪ್ತೀನಿ. ಜೀಪ್ ಓಡಿಸೋರು, ಜೋಳ ಸುಡೋರು, ಹೋಂಸ್ಟೇ ಇಟ್ಟೋರು ಎಲ್ಲರದ್ದೂ ಹೊಟ್ಟೆಯೇ. ಆದರೆ ಬೆಂಗಳೂರಿನಿಂದ ಬಂದ ಕಾರು ನೇರ ತುದಿಗೆ ಹೋಗಿ, ಚಿಪ್ಸ್ ಪೊಟ್ಟಣ ಬಿಸಾಕಿ, ಸಂಜೆಗೆ ವಾಪಸ್ ಹೊರಟರೆ ಸ್ಥಳೀಯರಿಗೆ ಸಿಕ್ಕಿದ್ದೇನು? ಹೊಗೆ. ಕೈಮರದಲ್ಲೇ ಕಾರು ನಿಲ್ಲಿಸಿ ಅಲ್ಲಿಂದ ಮೇಲಕ್ಕೆ ಸ್ಥಳೀಯರ ಗಾಡಿ, ಇಲ್ಲಾ ಸರ್ಕಾರಿ ಮಿನಿ ಬಸ್ ಅಂತ ಮಾಡಿ. ದುಡಿಮೆಯೂ ಅವರಿಗೆ ಸಿಗುತ್ತೆ, ರಸ್ತೆ ಅಗಲ ಮಾಡೋ ನೆಪವೂ ಹೋಗುತ್ತೆ.

ಎರಡನೆಯದು, ‘ವಯಸ್ಸಾದವರು, ನಡೆಯಲಾರದವರು ನೋಡೋದು ಬೇಡ್ವಾ?’ ಬೇಕು, ಖಂಡಿತ ಬೇಕು. ಅವರಿಗೋಸ್ಕರವೇ ಆ ಮಿನಿ ಬಸ್ಸಲ್ಲಿ ಮುಂದಿನ ಸೀಟು ಕಾದಿಡಿ. ಅಜ್ಜಿಯ ಹೆಸರು ಹೇಳಿಕೊಂಡು ಮೊಮ್ಮಗ ಮೂರು ಕಾರು ಹತ್ತಿಸೋದು ಬೇಡ. ದೀಪಾವಳಿಗೆ ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಜನ ರಾತ್ರಿಯಿಡೀ ಬರಿಗಾಲಲ್ಲಿ ಹತ್ತುತ್ತಾರಲ್ಲ, ಆ ದೇವಿ ಯಾವತ್ತಾದ್ರೂ ಪಾರ್ಕಿಂಗ್ ಕೇಳಿದ್ದಾಳಾ?

ರೋಪ್‌ವೇ ಮಾತೂ ಆಗಾಗ ತಲೆ ಎತ್ತುತ್ತೆ. ಅದಕ್ಕೆ ಕಂಬ ಬೇಕು, ಕಂಬಕ್ಕೆ ಅಡಿಪಾಯ ಬೇಕು, ಅಡಿಪಾಯಕ್ಕೆ ಅದೇ ಇಳಿಜಾರನ್ನು ಅಗೀಬೇಕು. ಮೇಲೆ ಇಳಿದ ಜನಕ್ಕೆ ಶೌಚಾಲಯ, ಹೋಟೆಲು, ಅಂಗಡಿ. ತುದಿಯಲ್ಲಿ ಜಾಗ ಎಷ್ಟಿದೆ ಅಂತ ಹತ್ತಿದವರಿಗೆಲ್ಲ ಗೊತ್ತು. ಒಂದು ಗದ್ದುಗೆ, ಅದರ ಸುತ್ತ ಒಂದಿಷ್ಟು ಅಂಗಳ, ಅಷ್ಟೇ. ಅಲ್ಲಿ ತಪಸ್ಸು ಮಾಡಿದರು ಅಂತ ನಂಬೋ ಆ ಮುಳ್ಳಪ್ಪಸ್ವಾಮಿಗೇ ಈಗ ಕಾಲು ಚಾಚೋಕೆ ಜಾಗ ಇಲ್ಲ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಕಾರು ಕೆಳಗೆ ನಿಲ್ಲಲಿ. ಇಳಿಜಾರು ಕಡಿಯೋ ಮುಂಚೆ ಭೂವಿಜ್ಞಾನಿಯನ್ನು ಕರೆಸಿ ಕೇಳಲಿ, ಗುತ್ತಿಗೆದಾರನನ್ನಲ್ಲ. ‘ಅತಿ ಎತ್ತರದ ಶಿಖರ’ ಅಂತ ಬರೆದ ಬೋರ್ಡಿನ ಪಕ್ಕ ಇನ್ನೊಂದು ಬೋರ್ಡು ಇಡಲಿ. ಈ ಕಲ್ಲು ಯಾವುದು, ಎಷ್ಟು ಹಳೆಯದು, ಇಲ್ಲಿ ಬಿದ್ದ ಹನಿ ಯಾವ ಯಾವ ಊರಿಗೆ ಹೋಗುತ್ತೆ ಅಂತ ಅಚ್ಚಗನ್ನಡದಲ್ಲಿ ನಾಲ್ಕು ಸಾಲು ಸಾಕು, ಮಕ್ಕಳಾದ್ರೂ ಓದ್ತವೆ.

ಇನ್ನು ರೋಪ್‌ವೇ ಬೇಕೇ ಬೇಕು ಅನ್ನೋರಿಗೆ ನನ್ನದೊಂದು ಷರತ್ತು. ಮನವಿ ಪತ್ರ ಹಿಡಿದು ವಿಧಾನಸೌಧಕ್ಕೆ ಹೋಗೋ ಮುಂಚೆ ಹಿರಿಯೂರಿಗೆ ಹೋಗಿ ಬನ್ನಿ. ವಾಣಿವಿಲಾಸದ ಅಚ್ಚುಕಟ್ಟಿನ ರೈತರ ಸಹಿ ತಗೊಂಡು ಬನ್ನಿ. ಅವರು ಕೊಟ್ಟರೆ ನಾನೂ ಬಾಯಿ ಮುಚ್ಚಿಕೊಳ್ತೀನಿ.