ಹಳೆ ಗೊಂಬೆಗೆ ಹೊಸ ಬಣ್ಣ, ಆದರೆ ಸ್ಯಾಂಡ್ ಪೇಪರ್ ಬೇಡ

ಕಳೆದ ಬೇಸಿಗೆ ರಜೆಯಲ್ಲಿ ಮಾನ್ವಿಯ ನಮ್ಮ ಮಾಮು ಹೈದರಾಬಾದಿನ ಜುಮೇರಾತ್ ಬಜಾರಿನಿಂದ ಒಂದು ಚೀಲ ತಂದಿದ್ದರು. ಅವರದು ಗುಜರಿ ವ್ಯಾಪಾರ. ಚೀಲದಲ್ಲಿ ಬೆರಳುದ್ದದ ಹನ್ನೊಂದು ಲೋಹದ ಗೊಂಬೆಗಳಿದ್ದವು: ಕತ್ತಿ ಹಿಡಿದವರು, ಗಡ್ಡದ ಕುಳ್ಳರು, ರೆಕ್ಕೆ ಮುರಿದ ಒಂದು ಡ್ರ್ಯಾಗನ್. ಯಾರೋ ದಪ್ಪಗೆ ಪೇಂಟ್ ಬಳಿದು ಮುಖವೇ ಕಾಣದಂತೆ ಮಾಡಿದ್ದರು. "ಕರಗಿಸಿದ್ರ ಅರ್ಧ ಕೆಜಿನೂ ಆಗಂಗಿಲ್ಲ, ನೀನೇ ಇಟ್ಕೋ" ಎಂದರು ಮಾಮು.

ಇವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳ ಕಾಯಿಗಳು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಅದು. ನಮ್ಮ ಚೌಕಾಬಾರದ ಕಾಯಿಯಂತೆಯೇ, ಆದರೆ ಇಲ್ಲಿ ಪ್ರತಿ ಕಾಯಿಗೂ ಒಂದು ಹೆಸರು, ಒಂದು ಕಥೆ. ದೇವದುರ್ಗದಿಂದ ಬರುವ ನನ್ನ ಗೆಳೆಯನೂ ನಾನೂ ಆಡಲು ಕೂತೆವು. ಆಡುವುದಕ್ಕಿಂತ ಬಣ್ಣ ಹಚ್ಚುವುದರಲ್ಲೇ ನನಗೆ ಹೆಚ್ಚು ರುಚಿ ಹತ್ತಿತು.

"ಪಿಯುಸಿ ಓದೋರಿಗೆ ಗೊಂಬೆ ಆಟ ಯಾಕೆ?" ಎಂದು ಕೇಳಿದವರು ಬಹಳ. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದ ಕೊಪ್ಪಳದ ಕಿನ್ನಾಳವನ್ನು ನೆನೆಯಿರಿ. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು ಸೇರಿಸಿದ ಲೇಪ ಕೊಟ್ಟು ಹದ ಮಾಡಿದ ಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಾರೆ. ಲೋಹಕ್ಕೂ ಹಾಗೆಯೇ, ಪ್ರೈಮರ್ ಇಲ್ಲದೆ ಅಕ್ರಿಲಿಕ್ ನಿಲ್ಲುವುದಿಲ್ಲ. ಅವಸರ ಮಾಡಿದವನಿಗೆ ಉಗುರು ತಾಗಿದರೆ ಸಾಕು, ಸಿಪ್ಪೆ ಏಳುತ್ತದೆ. ಈ ತಾಳ್ಮೆಯನ್ನು ನನಗೆ ಯಾವ ಗೈಡೂ ಕಲಿಸಿರಲಿಲ್ಲ.

ಆದರೆ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮೊದಲ ಗೊಂಬೆಯನ್ನು ಅಡುಗೆಮನೆಯ ನೆಲದ ಮೇಲೆ ಕೂತು ಸ್ಯಾಂಡ್ ಪೇಪರಿನಿಂದ ಉಜ್ಜಿದೆ. ಎರಡು ವರ್ಷದ ತಂಗಿ ಪಕ್ಕದಲ್ಲೇ ಅಂಬೆಗಾಲಲ್ಲಿ ಓಡಾಡುತ್ತಿದ್ದಳು. ಮರುದಿನ ಕೆಮಿಸ್ಟ್ರಿ ಸರ್‌ಗೆ ತೋರಿಸಿದೆ. ಅವರು ಗೊಂಬೆಯನ್ನು ಬಿಳಿ ಹಾಳೆಯ ಮೇಲೆ ಗೀರಿದರು, ಪೆನ್ಸಿಲ್‌ನಂತೆ ಬೂದುಗೆರೆ ಬಿತ್ತು. "ಸೀಸ ಇರಬಹುದು, ಪುಡಿ ಎಲ್ಲಿ ಬಿತ್ತು?" ಎಂದರು. ನನಗೆ ಬಾಯೇ ಬರಲಿಲ್ಲ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು. ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1990ರ ದಶಕದವರೆಗೆ ಇಂಥ ಗೊಂಬೆಗಳನ್ನು ಹೆಚ್ಚಾಗಿ ಸೀಸ ಬೆರೆಸಿದ ತವರದಲ್ಲೇ ಎರಕ ಹೊಯ್ಯುತ್ತಿದ್ದರು. ಮೇಲಿನ ಪೇಂಟೂ ನಂಬಿಕೆಗೆ ಅರ್ಹವಲ್ಲ: ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಪಿಬಿ, ಪರಮಾಣು ಸಂಖ್ಯೆ 82 ಎಂದು ಬಾಯಿಪಾಠ ಮಾಡಿದವನು ನಾನೇ! ಆ ಸಂಜೆ ಅಮ್ಮಿಯೂ ನಾನೂ ನೆಲವನ್ನು ಮೂರು ಸಲ ಒದ್ದೆ ಬಟ್ಟೆಯಿಂದ ಒರೆಸಿದೆವು.

ಈಗ ಒಣಗಿದ್ದನ್ನು ಉಜ್ಜುವುದೇ ಇಲ್ಲ. ಕೈಗವಸು ಹಾಕಿ, ಕಿಟಕಿ ತೆರೆದು, ನೀರು ಬೆರೆಸದ ಡೆಟಾಲ್‌ನಲ್ಲಿ ರಾತ್ರಿಯಿಡೀ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಅದರಲ್ಲೇ ತಿಕ್ಕುತ್ತೇನೆ. ಬಣ್ಣ ಬಿಡುವ ಮೊದಲೇ ನೀರು ತಾಗಿದರೆ ಎಲ್ಲ ಅಂಟಂಟಾಗುತ್ತದೆ. ಕೆಸರನ್ನು ಕಾಗದದಲ್ಲಿ ಒರೆಸಿ ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ನಮ್ಮೂರಿನ ಬಿಸಿಲಲ್ಲಿ ಬ್ರಷ್‌ನಲ್ಲೇ ಬಣ್ಣ ಒಣಗುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. "ಶೋಕೇಸಿನಾಗ ಮೂರ್ತಿ ನಿಲ್ಲಿಸಬ್ಯಾಡ" ಎಂದು ನಾನಿ ಹೇಳಿದ್ದಕ್ಕೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟೆ. ಅದೇ ಸರಿಯಾಯಿತು. ಮರದ ಪೆಟ್ಟಿಗೆಯಿಂದ ಹೊರಡುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತದಂತೆ.

ಕಾಲೇಜಿಗೆ ನನ್ನ ಬೇಡಿಕೆ ಚಿಕ್ಕದು. ಶನಿವಾರ ತರಗತಿ ಮುಗಿದ ಮೇಲೆ ಪ್ರಾಕ್ಟಿಕಲ್ ಹಾಲಿನ ಒಂದು ಮೇಜು ಮತ್ತು ಕೈಗವಸು ಕೊಡಿ, ಜೊತೆಗೆ ಸರ್ ಒಬ್ಬರು ಇರಲಿ. ಪುಟ್ಟ ಮಕ್ಕಳಿರುವ ಮನೆಗಿಂತ ಈ ಕೆಲಸಕ್ಕೆ ಅದೇ ಸರಿಯಾದ ಜಾಗ. ಡ್ರ್ಯಾಗನ್‌ನ ರೆಕ್ಕೆಯನ್ನು ಎಂ-ಸೀಲ್ ಹಾಕಿ ಕೂರಿಸಿದ್ದೇನೆ, ಬಣ್ಣ ಇನ್ನೂ ಬಾಕಿ ಇದೆ. ಬೇಕಾದವರು ಬನ್ನಿ.